ಫಿಂಚ್ ಪೆಲೆಟ್ ತಿನ್ನುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಫಿಂಚ್ ಅಂದರೆ ಪಂಜರದಲ್ಲಿ ಸಾಕುವ, ಕಾಳು ತಿನ್ನುವ ಪುಟ್ಟ ಹಕ್ಕಿ. ಪೆಲೆಟ್ ಅಂದರೆ ಪೋಷಕಾಂಶಗಳನ್ನು ಸೇರಿಸಿ ಒತ್ತಿ ಮಾಡಿದ ಸಿದ್ಧ ಆಹಾರದ ತುಣುಕು. ಪಂಜರದಲ್ಲಿ ಪೆಲೆಟ್ ಬಟ್ಟಲು ಇಟ್ಟು ವಾರ ಕಳೆದಿದೆ. ಹಕ್ಕಿ ಅದರ ಅಂಚಿನ ಮೇಲೆ ಕೂರುತ್ತದೆ, ಒಂದೆರಡು ಸಲ ಕೊಕ್ಕು ಹಾಕುತ್ತದೆ, ಹಾರಿ ಹೋಗುತ್ತದೆ. ತಿಂದಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕಾಳಿನಿಂದ ಪೆಲೆಟ್‌ಗೆ ಬದಲಿಸುವವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ. ಗಿಳಿ ಸಾಕುವವರು ಹೇಳುವ ಉಪಾಯಗಳನ್ನು ಫಿಂಚ್ ಮೇಲೆ ಹಾಗೇ ಹೇರಿದರೆ ಅಪಾಯ. ಯಾಕೆಂದರೆ ಇದರ ಮೈಯಲ್ಲಿ ಉಪವಾಸ ತಡೆಯುವಷ್ಟು ಸರಕೇ ಇಲ್ಲ. ಮನೆಗಳಲ್ಲಿ ಸಾಕುವ ಫಿಂಚ್ ಬಗೆಗಳಾದ ಜೀಬ್ರಾ, ಬೆಂಗಾಲೀಸ್, ಗೂಲ್ಡಿಯನ್ ಮೂರೂ ಸಾಮಾನ್ಯವಾಗಿ 20 ಗ್ರಾಂ ಒಳಗಿನ ಹಕ್ಕಿಗಳು. ಒಂದು ಹಗಲು ಪೂರ್ತಿ ಖಾಲಿ ಹೊಟ್ಟೆಯಲ್ಲಿದ್ದರೆ ರಾತ್ರಿ ದಾಟುವುದೇ ಕಷ್ಟ.

ಇಷ್ಟು ಕಷ್ಟಪಟ್ಟು ಯಾಕೆ ಬದಲಿಸಬೇಕು ಅಂದರೆ, ಬರೀ ಒಣಕಾಳಿನಲ್ಲಿ ವಿಟಮಿನ್ ಎ, ಕ್ಯಾಲ್ಸಿಯಂ, ಅಯೋಡಿನ್, ಕೆಲವು ಅಮೈನೋ ಆಮ್ಲಗಳು ಸಾಲದು. ಮಿಶ್ರಣದಲ್ಲಿ ಹಲವು ಬಗೆ ಕಾಳಿದ್ದರೂ ಹಕ್ಕಿ ತನಗೆ ಇಷ್ಟವಾದ ಒಂದೆರಡನ್ನು ಹೆಕ್ಕಿ ಮಿಕ್ಕಿದ್ದನ್ನು ಬಿಡುತ್ತದೆ. ಹಾಗಂತ ಪಂಜರದಲ್ಲಿ ಕಾಳೇ ಕಾಣಬಾರದು ಅಂತಲ್ಲ. ಫಿಂಚ್ ಹುಲ್ಲಿನ ಬೀಜ ತಿಂದು ಬದುಕುವ ಹಕ್ಕಿ. ನನ್ನ ಮಟ್ಟಿಗೆ ದಿನದ ಊಟದಲ್ಲಿ ಅರ್ಧ ಪೆಲೆಟ್ ಆದರೂ ಅದು ಗೆಲುವೇ. ನೂರಕ್ಕೆ ನೂರು ಮಾಡಲೇಬೇಕು ಅಂತ ಹಟ ಹಿಡಿದವರ ಪಂಜರಗಳಲ್ಲೇ ತೊಂದರೆ ಜಾಸ್ತಿ.

ಕೆಳಗಿರುವ ಯಾವ ಲಕ್ಷಣಕ್ಕೂ ಮೊದಲ ಸೂತ್ರ ಒಂದೇ. ಬಟ್ಟಲನ್ನು ನಂಬಬೇಡಿ, ತೂಕವನ್ನೂ ಹಿಕ್ಕೆಯನ್ನೂ ನಂಬಿ.

ಮೊದಲು ಇದು: ಈ ಗುರುತು ಕಂಡರೆ ಪ್ರಯೋಗ ನಿಲ್ಲಿಸಿ

- ಹಗಲಲ್ಲೇ ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ಕೂರುವುದು
- ಕಡ್ಡಿ ಬಿಟ್ಟು ಪಂಜರದ ತಳದಲ್ಲೇ ಇರುವುದು
- ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುವುದು, ಬಾಯಿ ತೆರೆದು ಉಸಿರಾಡುವುದು
- ಹಿಕ್ಕೆ ತೀರಾ ಕಡಿಮೆಯಾಗುವುದು, ಅಥವಾ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುವುದು
- ಶುರುವಿನ ತೂಕದಲ್ಲಿ ನೂರಕ್ಕೆ ಹತ್ತು ಭಾಗ ಇಳಿಯುವುದು

ಇವುಗಳಲ್ಲಿ ಯಾವುದೇ ಒಂದು ಕಂಡರೂ ತಕ್ಷಣ ಹಳೆಯ ಕಾಳನ್ನು ಪೂರ್ತಿ ಕೊಡಿ. ತೂಕವೊಂದೇ ಇಳಿದು ಹಕ್ಕಿ ಚುರುಕಾಗಿದ್ದರೆ ತೂಕದ ಭಾಗ ನೋಡಿ. ಮಿಕ್ಕ ನಾಲ್ಕರಲ್ಲಿ ಒಂದಿದ್ದರೆ ನೇರ ಕೊನೆಯ ಭಾಗಕ್ಕೆ ಹೋಗಿ.

ಇನ್ನು, ಶುರುವೇ ಮಾಡಬಾರದ ಸಮಯಗಳೂ ಇವೆ. ಮನೆಗೆ ಬಂದು ಇನ್ನೂ ಹೊಂದಿಕೊಳ್ಳದ ಹಕ್ಕಿ, ಗರಿ ಉದುರಿಸುತ್ತಿರುವ ಹಕ್ಕಿ, ಗೂಡು ಕಟ್ಟಿ ಮೊಟ್ಟೆ ಇಡುತ್ತಿರುವ ಅಥವಾ ಮರಿ ಸಾಕುತ್ತಿರುವ ಜೋಡಿ, ಈಗಷ್ಟೇ ಕಾಯಿಲೆಯಿಂದ ಎದ್ದ ಹಕ್ಕಿ. ಇವಕ್ಕೆಲ್ಲ ಕಾಯಿರಿ.

ಬೇಕಾಗುವ ಸಾಮಾನು

0.1 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಅಡುಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 14 ಗ್ರಾಂ ತೂಗುವ ಹಕ್ಕಿಗೆ ಹತ್ತನೇ ಒಂದು ಭಾಗ ಅಂದರೆ 1.4 ಗ್ರಾಂ. ಒಂದೊಂದೇ ಗ್ರಾಂ ಎಣಿಸುವ ತಕ್ಕಡಿ ಈ ಇಳಿತವನ್ನು ತೋರಿಸುವ ಹೊತ್ತಿಗೆ ತಡವಾಗಿರುತ್ತದೆ. ಇದರ ಜೊತೆ ಪಂಜರದ ತಳಕ್ಕೆ ಹಾಸಲು ಬಿಳಿ ಕಾಗದ, ಬರೆದಿಡಲು ಒಂದು ಪುಸ್ತಕ. ಅಷ್ಟೇ.

ಪೆಲೆಟ್ ಮುಟ್ಟುವ ಮೊದಲೇ ಒಂದು ವಾರ ಹಳೆಯ ಊಟದಲ್ಲೇ ಹಕ್ಕಿಯ ತೂಕ, ಹಿಕ್ಕೆಯ ಬಣ್ಣ, ದಿನಕ್ಕೆ ತಿನ್ನುವ ಕಾಳು ಮೂರನ್ನೂ ಬರೆದಿಡಿ. ಮುಂದೆ ಏನೇ ಕಂಡರೂ ಹೋಲಿಸಿ ನೋಡಲು ಇದೇ ಆಧಾರ. ಇದನ್ನು ಬಿಟ್ಟು ಶುರು ಮಾಡಿದರೆ ಆಮೇಲೆ ಎಲ್ಲವೂ ಅಂದಾಜೇ.

"ಪೆಲೆಟ್ ಬಟ್ಟಲಿನ ಹತ್ತಿರಕ್ಕೂ ಹೋಗುವುದಿಲ್ಲ"

ಮೊದಲು ಜಾಗ ನೋಡಿ. ಹಕ್ಕಿ ಎಲ್ಲಿ ತಿಂದು ಅಭ್ಯಾಸವೋ ಅಲ್ಲೇ ಹೊಸ ಬಟ್ಟಲೂ ಇರಬೇಕು. ಜೀಬ್ರಾ ಫಿಂಚ್ ನೆಲದ ಮೇಲೆ ಮೇಯುವ ಜಾತಿ. ಎತ್ತರದಲ್ಲಿ ನೇತು ಹಾಕಿದ ಆಳವಾದ ಬಟ್ಟಲಿಗಿಂತ ತಳದಲ್ಲಿಟ್ಟ ಅಗಲವಾದ, ಅಂಚು ತಗ್ಗಾದ ತಟ್ಟೆ ಅದಕ್ಕೆ ಇಷ್ಟ. ಆದರೆ ತಟ್ಟೆಯ ಮೇಲೆ ನೇರವಾಗಿ ಕೂರುವ ಕಡ್ಡಿ ಬೇಡ, ಹಿಕ್ಕೆ ಅದರೊಳಗೇ ಬೀಳುತ್ತದೆ.

ಎರಡನೆಯದು ಬಟ್ಟಲು. ಹೊಸ ಬಣ್ಣದ ಬಟ್ಟಲಿಗೇ ಹೆದರುವ ಹಕ್ಕಿಗಳಿವೆ. ಹಳೆಯ ಕಾಳಿನ ಬಟ್ಟಲಿನ ಜೊತೆಯದೇ ಇನ್ನೊಂದಿದ್ದರೆ ಅದರಲ್ಲಿ ಪೆಲೆಟ್ ಹಾಕಿ. ಒಂದೆರಡು ದಿನ ಅದರಲ್ಲಿ ಕಾಳನ್ನೇ ಕೊಟ್ಟು ಆಮೇಲೆ ಪೆಲೆಟ್ ಹಾಕಿದರೂ ಆಯಿತು.

ಮೂರನೆಯದು ಗಾತ್ರ. ಹೆಚ್ಚಿನ ಸಲ ದೋಷ ಇರುವುದು ಇಲ್ಲಿ. ಗಿಳಿಗಳಿಗೆ ಮಾಡಿದ ಪೆಲೆಟ್ ಫಿಂಚ್ ಪಾಲಿಗೆ ಕಲ್ಲು. ಅದಕ್ಕೆ ಬೇಕಾದದ್ದು ನವಣೆ ಕಾಳಿನಷ್ಟು, ಅಥವಾ ಅದಕ್ಕಿಂತಲೂ ಸಣ್ಣದಾದ ತರಿ. ದೊಡ್ಡದು ಕೈಯಲ್ಲಿದ್ದರೆ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ, ಜರಡಿ ಹಿಡಿದು, ನುಣ್ಣನೆ ಹಿಟ್ಟನ್ನು ಬೇರೆ ತೆಗೆದಿಡಿ. ಹಿಟ್ಟನ್ನು ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇದಿಷ್ಟೂ ಸರಿ ಇದ್ದು, ಹಕ್ಕಿ ಚುರುಕಾಗಿದ್ದು, ಕಾಳನ್ನು ಎಂದಿನಂತೆ ತಿನ್ನುತ್ತಿದ್ದರೆ ಇದು ದೋಷವೇ ಅಲ್ಲ. ಅದು ಪೆಲೆಟ್ ಅನ್ನು ಇನ್ನೂ ತಿನ್ನುವ ವಸ್ತು ಅಂತ ಗುರುತಿಸಿಲ್ಲ, ಅಷ್ಟೇ. ಕಾಳನ್ನು ಒಂದು ಚೂರೂ ಕಡಿಮೆ ಮಾಡದೆ, ಪೆಲೆಟ್ ಬಟ್ಟಲು ದಿನವೂ ಹೊಸದಾಗಿ ತುಂಬಿ ಇಡುತ್ತಾ ಹೋಗಿ. ವಾರಗಟ್ಟಲೆ ಹಿಡಿಯಬಹುದು. ಹಸಿದರೆ ತಾನೇ ತಿನ್ನುತ್ತೆ ಬಿಡಿ ಅನ್ನುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಹಸಿದ ಫಿಂಚ್ ಹೊಸ ಊಟ ಕಲಿಯುವ ಬದಲು ಸೋತು ಕೂರುತ್ತದೆ.

ಇನ್ನು ಮೊಟ್ಟೆಯ ದಾರಿ. ಬೇಯಿಸಿದ ಮೊಟ್ಟೆಯನ್ನು ಸಣ್ಣಗೆ ಉದುರಿಸಿ ಕೊಡುವ ಮೆತ್ತನೆಯ ಆಹಾರ ನಿಮ್ಮ ಹಕ್ಕಿಗೆ ಈಗಾಗಲೇ ಗೊತ್ತಿದ್ದರೆ, ತೆಗೆದಿಟ್ಟ ಆ ಹಿಟ್ಟನ್ನು ಚಿಟಿಕೆಯಷ್ಟು ಅದಕ್ಕೆ ಬೆರೆಸಿ. ದಿನ ಕಳೆದಂತೆ ಹಿಟ್ಟು ಜಾಸ್ತಿ, ಮೊಟ್ಟೆ ಕಮ್ಮಿ. ಒದ್ದೆ ಆಹಾರ ಎರಡು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಇರಬಾರದು, ಸೆಕೆ ಇದ್ದರೆ ಇನ್ನೂ ಬೇಗ ತೆಗೆಯಿರಿ.

"ಕೊಕ್ಕು ಹಾಕುತ್ತದೆ, ಆದರೆ ತಿನ್ನುತ್ತಿದೆಯೋ ಇಲ್ಲವೋ?"

ಫಿಂಚ್ ಕಾಳು ತಿನ್ನುವುದನ್ನು ಹತ್ತಿರದಿಂದ ನೋಡಿ. ಕಾಳನ್ನು ಕೊಕ್ಕಿನ ಅಂಚಿಗೆ ಸಿಕ್ಕಿಸಿಕೊಳ್ಳುತ್ತದೆ. ಕೆಳಗಿನ ದವಡೆ ಪಟಪಟ ಆಡುತ್ತದೆ. ಸಿಪ್ಪೆ ಸೀಳಿ ಪಕ್ಕಕ್ಕೆ ಬೀಳುತ್ತದೆ, ನಾಲಿಗೆ ಒಳಗಿನ ತಿರುಳನ್ನು ಎಳೆದುಕೊಳ್ಳುತ್ತದೆ. ಪೆಲೆಟ್ ಸಿಕ್ಕಿದಾಗಲೂ ಮಾಡುವುದು ಇದನ್ನೇ. ಇಲ್ಲದ ಸಿಪ್ಪೆಯನ್ನು ಸುಲಿಯಲು ಹೋಗುತ್ತದೆ. ಪೆಲೆಟ್ ಪುಡಿಯಾಗಿ ಕೊಕ್ಕಿನ ಎರಡೂ ಬದಿಯಿಂದ ಉದುರುತ್ತದೆ. ನೋಡುವವರಿಗೆ ಹಕ್ಕಿ ಖುಷಿಯಾಗಿ ತಿನ್ನುತ್ತಿದೆ ಅನಿಸುತ್ತದೆ. ಬಟ್ಟಲಲ್ಲಿ ಪೆಲೆಟ್ ಕಡಿಮೆಯೂ ಆಗಿರುತ್ತದೆ. ಹೊಟ್ಟೆಗೆ ಹೋದದ್ದು ಮಾತ್ರ ಏನೂ ಇಲ್ಲ. ಕೊಕ್ಕಿಗೆ ಅಂಟಿದ ಪುಡಿ ತಿಂದದ್ದಕ್ಕೆ ಸಾಕ್ಷಿಯಲ್ಲ.

ಕಾಳಿನ ಬಟ್ಟಲೂ ಹೀಗೇ ಮೋಸ ಮಾಡುತ್ತದೆ. ಮೇಲೆ ನೋಡಿದರೆ ತುಂಬಿದ ಹಾಗಿರುತ್ತದೆ. ಮೆಲ್ಲಗೆ ಒಮ್ಮೆ ಊದಿ. ಖಾಲಿ ಸಿಪ್ಪೆಯೆಲ್ಲ ಹಾರಿ ಹೋಗಿ ತಳದಲ್ಲಿ ನಾಲ್ಕೇ ಕಾಳು ಉಳಿದಿದ್ದರೆ ಆಶ್ಚರ್ಯವಿಲ್ಲ. ಪೆಲೆಟ್ ಬದಲಾವಣೆಯ ಸಮಯದಲ್ಲಿ ಹಕ್ಕಿ ಸೊರಗಿದರೆ ಪೆಲೆಟ್ ಮೇಲೆ ಗುಮಾನಿ ಪಡುವ ಮೊದಲು ಇದನ್ನು ನೋಡಿ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಊದಿ ತುಂಬಿಸಿ.

ನಿಜವಾಗಿ ತಿಂದಿದೆಯೇ ಅಂತ ತಿಳಿಯಲು ಖರ್ಚಿಲ್ಲದ ಪರೀಕ್ಷೆ ಹೀಗಿದೆ. ಬೆಳಿಗ್ಗೆ ಪೆಲೆಟ್ ತೂಗಿ ಬಟ್ಟಲಿಗೆ ಹಾಕಿ. ಬಟ್ಟಲನ್ನು ಅಗಲವಾದ ತಟ್ಟೆಯ ನಡುವೆ ಇಡಿ. ಕತ್ತಲಾಗುವ ಮೊದಲು ಬಟ್ಟಲಲ್ಲಿ ಉಳಿದದ್ದು, ತಟ್ಟೆಗೆ ಉದುರಿದ್ದು, ಪುಡಿ ಎಲ್ಲ ಒಟ್ಟು ಮಾಡಿ ಮತ್ತೆ ತೂಗಿ. ಹಾಕಿದ್ದಕ್ಕೂ ಉಳಿದದ್ದಕ್ಕೂ ವ್ಯತ್ಯಾಸವಿಲ್ಲದಿದ್ದರೆ ಹಕ್ಕಿ ಆಟವಾಡಿದೆ, ತಿಂದಿಲ್ಲ. ಗಾಳಿಯ ತೇವಕ್ಕೆ ಪೆಲೆಟ್ ತೂಕ ಕೊಂಚ ಬದಲಾಗುತ್ತದೆ. ಆದ್ದರಿಂದ ಅಷ್ಟೇ ಪೆಲೆಟ್ ಇರುವ ಇನ್ನೊಂದು ಬಟ್ಟಲನ್ನು ಹಕ್ಕಿಗೆ ಎಟುಕದ ಹಾಗೆ ಪಂಜರದ ಹೊರಗಿಟ್ಟು ಹೋಲಿಸಿದರೆ ಇನ್ನೂ ಒಳ್ಳೆಯದು.

ಎರಡನೆಯ ಸಾಕ್ಷಿ ಹಿಕ್ಕೆ. ಪೆಲೆಟ್ ಹೊಟ್ಟೆಗೆ ಹೋದರೆ ಹಿಕ್ಕೆ ಕೊಂಚ ದಪ್ಪಗೆ, ಮೆತ್ತಗೆ, ಕಂದು ಬಣ್ಣಕ್ಕೆ ತಿರುಗುತ್ತದೆ.

ಮೂರನೆಯದು ಹಕ್ಕಿ ಹಿಡಿದು ಅಭ್ಯಾಸವಿದ್ದವರಿಗೆ ಮಾತ್ರ. ಸಂಜೆ ಹಕ್ಕಿಯನ್ನು ಹಗುರವಾಗಿ ಹಿಡಿದು ಕತ್ತಿನ ಪಕ್ಕದ ಗರಿಯನ್ನು ಬಾಯಿಂದ ಊದಿ ಸರಿಸಿದರೆ, ತೆಳು ಚರ್ಮದ ಹಿಂದೆ ಕ್ರಾಪ್ ಅನ್ನುವ ಆಹಾರದ ಚೀಲ ಕಾಣುತ್ತದೆ. ಕಾಳು ತಿಂದಿದ್ದರೆ ತಿಳಿ ಬಣ್ಣದ ತಿರುಳು, ಪೆಲೆಟ್ ತಿಂದಿದ್ದರೆ ಕಂದು ಮುದ್ದೆ. ಮಲಗುವ ಹೊತ್ತಿಗೆ ಚೀಲ ಖಾಲಿ ಇದ್ದರೆ ದೀಪ ಆರಿಸಬೇಡಿ, ಕಾಳು ಕೊಟ್ಟು ತಿನ್ನಲು ಬಿಡಿ. ಹಿಡಿಯುವಾಗ ಎದೆಯನ್ನು ಒತ್ತಲೇಬಾರದು. ಹಕ್ಕಿಗಳಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಗೂಡು ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಅದು ನಿಂತರೆ ಉಸಿರೂ ನಿಲ್ಲುತ್ತದೆ.

"ಕಾಳನ್ನು ಹೆಕ್ಕಿ ತಿಂದು ಪೆಲೆಟ್ ಎಲ್ಲ ಹೊರಗೆ ಎಸೆಯುತ್ತದೆ"

ಎರಡನ್ನೂ ಒಂದೇ ಬಟ್ಟಲಲ್ಲಿ ಬೆರೆಸಿದ್ದೀರಿ ಅಲ್ವಾ? ಕಾಳು ಹುಡುಕಲು ಅದು ಕೊಕ್ಕಿನಿಂದ ಪಕ್ಕಕ್ಕೆ ಚಿಮ್ಮುತ್ತದೆ, ಪೆಲೆಟ್ ನೆಲ ಸೇರುತ್ತದೆ. ಇದು ಹಟವಲ್ಲ, ಮೇಯುವ ರೀತಿಯೇ ಹಾಗೆ. ಬಟ್ಟಲು ಬೇರೆ ಬೇರೆ ಮಾಡಿ, ಚಿಮ್ಮುವುದು ಮುಕ್ಕಾಲು ಪಾಲು ನಿಲ್ಲುತ್ತದೆ.

ಬೆರೆಸಲೇಬೇಕು ಅಂದರೆ ಕಾಳಿಗೆ ಒಂದೆರಡು ಹನಿ ನೀರು ಚಿಮುಕಿಸಿ, ಪೆಲೆಟ್ ಹಿಟ್ಟನ್ನು ಉದುರಿಸಿ ಕಲಸುವ ಉಪಾಯವಿದೆ. ಕಾಳಿನ ಮೈಗೆ ಹಿಟ್ಟು ಅಂಟುತ್ತದೆ. ಆದರೆ ಒಂದು ವಿಷಯ ಮರೆಯಬೇಡಿ, ಹಕ್ಕಿ ಸಿಪ್ಪೆ ಸುಲಿದೇ ತಿನ್ನುತ್ತದೆ. ಹಿಟ್ಟಿನ ಬಹುಪಾಲು ಸಿಪ್ಪೆಯ ಜೊತೆ ಹೊರಗೇ ಬೀಳುತ್ತದೆ. ನಾಲಿಗೆಗೆ ರುಚಿ ಪರಿಚಯವಾಗುತ್ತದೆ, ಹೊಟ್ಟೆಗೆ ಪೋಷಣೆ ಸಿಗುವುದಿಲ್ಲ. ಹಿಟ್ಟು ಸವರಿದ ಕಾಳು ತಿಂದಿತು ಅಂತ ಪೆಲೆಟ್ ತಿಂದ ಲೆಕ್ಕಕ್ಕೆ ಸೇರಿಸಿ ಕಾಳು ಕಡಿಮೆ ಮಾಡಬೇಡಿ. ಒಣಕಾಳಿನ ಮೇಲೆ ವಿಟಮಿನ್ ಪುಡಿ ಉದುರಿಸುವುದು ಸುಮ್ನೆ ದಂಡ ಅನ್ನುವುದೂ ಇದೇ ಕಾರಣಕ್ಕೆ.

ಪೆಲೆಟ್ ತುಸು ತಿನ್ನುವುದು ಖಚಿತವಾದ ಮೇಲೆ ಹೊತ್ತು ಹಂಚಿ. ರಾತ್ರಿಯ ಹಸಿವಿನಿಂದ ಎದ್ದ ಹಕ್ಕಿಗೆ ಬೆಳಿಗ್ಗೆ ಮೊದಲ ಒಂದು ಗಂಟೆ ಪೆಲೆಟ್ ಮಾತ್ರ, ಆಮೇಲೆ ಕಾಳು. ಆ ಗಂಟೆ ಮುಗಿದ ಮೇಲೆ ಪೆಲೆಟ್ ತಿಂದಿರಲಿ ಬಿಟ್ಟಿರಲಿ ಕಾಳು ಕೊಡಲೇಬೇಕು. ಸಂಜೆ ಮಲಗುವ ಮೊದಲಿನ ಎರಡು ಗಂಟೆ ಕಾಳು ಪಂಜರದಲ್ಲಿ ಇರಲೇಬೇಕು. ಆ ಕೊನೆಯ ಊಟದ ಮೇಲೆಯೇ ಫಿಂಚ್ ರಾತ್ರಿ ಕಳೆಯುವುದು.

"ಹಿಕ್ಕೆಯ ಬಣ್ಣ ಬದಲಾಗಿದೆ"

ಹಿಕ್ಕೆಯಲ್ಲಿ ಮೂರು ಭಾಗ. ಗಟ್ಟಿಯಾದ ಕಡು ಬಣ್ಣದ್ದು ಮಲ. ಅದರ ಮೇಲಿನ ಬಿಳಿ ಟೋಪಿ ಯೂರೇಟ್, ಅಂದರೆ ಮೂತ್ರದ ಗಟ್ಟಿ ಅಂಶ. ಸುತ್ತಲೂ ಕಾಣುವ ನೀರು ಮೂತ್ರ. ಬಿಳಿ ಕಾಗದದ ಮೇಲೆ ಬಿದ್ದಾಗ ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಕಾಗದ ದಿನವೂ ಬದಲಿಸಿ, ಇಲ್ಲದಿದ್ದರೆ ನಿನ್ನೆಯದನ್ನೂ ಇವತ್ತಿನದನ್ನೂ ಕಲಸಿಕೊಳ್ಳುತ್ತೀರಿ.

ಮಲ ಕಂದಾಗಿ, ದಪ್ಪಗಾಗಿ, ಬಿಳಿ ಭಾಗ ಬಿಳಿಯಾಗೇ ಇದ್ದರೆ ಸಂತೋಷಪಡಿ. ಪೆಲೆಟ್ ಒಳಗೆ ಹೋಗುತ್ತಿದೆ. ನೀರಿನ ಭಾಗ ತುಸು ಹೆಚ್ಚಾಗುವುದೂ ಸಹಜ, ಒಣ ಪೆಲೆಟ್ ತಿಂದು ಜಾಸ್ತಿ ನೀರು ಕುಡಿಯುತ್ತದೆ.

ಮಲ ಕೆಂಪು, ಕಿತ್ತಳೆ, ನೀಲಿಯಾಗಿ ಕಂಡರೆ ಗಾಬರಿಯಾಗುವ ಮೊದಲು ಪೆಲೆಟ್ ಬಣ್ಣ ನೋಡಿ. ಬಣ್ಣ ಹಾಕಿದ ಪೆಲೆಟ್ ತಿಂದರೆ ಆ ಬಣ್ಣವೇ ಹೊರಗೆ ಬರುತ್ತದೆ. ಬದಲಾವಣೆಯ ತಿಂಗಳುಗಳಲ್ಲಿ ಬಣ್ಣವಿಲ್ಲದ ಪೆಲೆಟ್ ಆರಿಸಿ ಅಂತ ನಾನು ಹೇಳುವುದು ಇದಕ್ಕೇ. ಹಿಕ್ಕೆ ಓದಲು ಬರದಿದ್ದರೆ ಅರ್ಧ ಮಾಹಿತಿ ಕಳೆದುಕೊಂಡ ಹಾಗೆ.

ಇನ್ನು ಕೆಟ್ಟ ಗುರುತುಗಳು. ಹಿಕ್ಕೆಗಳು ಚಿಕ್ಕದಾಗಿ, ಸಂಖ್ಯೆ ಕಡಿಮೆಯಾಗಿ, ಮಲ ಕಡು ಹಸಿರಾಗಿ ದಾರದಂತೆ ತೆಳ್ಳಗಾದರೆ ಹಕ್ಕಿಯ ಹೊಟ್ಟೆ ಖಾಲಿ. ಆಹಾರವಿಲ್ಲದೆ ಬರೀ ಪಿತ್ತ ಹೊರಬರುತ್ತಿದೆ. ಬಟ್ಟಲು ಏನೇ ಹೇಳಲಿ, ಅದು ಉಪವಾಸ ಬಿದ್ದಿದೆ. ಕಾಳು ಮತ್ತು ನವಣೆ ತೆನೆ ತಕ್ಷಣ ಕೊಡಿ, ತೂಕ ನೋಡಿ. ಕಾಳು ಕೊಟ್ಟ ಮೇಲೂ ಅರ್ಧ ದಿನದಲ್ಲಿ ಹಿಕ್ಕೆ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಿ.

ಬಿಳಿ ಇರಬೇಕಾದ ಭಾಗ ಹಳದಿ ಅಥವಾ ತಿಳಿ ಹಸಿರಾಗಿದ್ದರೆ ಯಕೃತ್ತಿನ ತೊಂದರೆ ಇರಬಹುದು. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಇವೆರಡೂ ಊಟ ಬದಲಿಸಿದ್ದರಿಂದ ಬರುವ ಬಣ್ಣಗಳಲ್ಲ, ಮನೆಯಲ್ಲಿ ಸರಿಪಡಿಸುವಂಥವೂ ಅಲ್ಲ.

ಹಿಕ್ಕೆಯಲ್ಲಿ ಇಡೀ ಕಾಳು ಹಾಗೇ ಕಂಡರೆ ಅದೂ ಕಾಯಿಲೆಯ ಗುರುತು. ಏವಿಯನ್ ಗ್ಯಾಸ್ಟ್ರಿಕ್ ಯೀಸ್ಟ್ ಅನ್ನುವ ಹೊಟ್ಟೆಯ ಸೋಂಕು ಫಿಂಚ್‌ಗಳಲ್ಲಿ ಬರುತ್ತದೆ. ಹಕ್ಕಿ ಹಗಲೆಲ್ಲ ಬಟ್ಟಲ ಹತ್ತಿರವೇ ಇದ್ದರೂ ಮೈ ಸೊರಗುತ್ತಾ ಹೋಗುತ್ತದೆ. ಪರೀಕ್ಷೆಗೆ ಹೊಸ ಹಿಕ್ಕೆ ಬೇಕು. ಈ ಸ್ಥಿತಿಯಲ್ಲಿ ಪೆಲೆಟ್ ಪ್ರಯೋಗ ಮುಂದುವರಿಸುವ ಮಾತೇ ಬೇಡ.

"ತೂಕ ಇಳಿಯುತ್ತಿದೆ"

ಮೊದಲು ತೂಗಿದ ರೀತಿ ಸರಿಯೇ ನೋಡಿ. ಬೆಳಿಗ್ಗೆ ತಿನ್ನುವ ಮೊದಲಿನ ತೂಕಕ್ಕೂ ಸಂಜೆ ಹೊಟ್ಟೆ ತುಂಬಿದ ಮೇಲಿನ ತೂಕಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ದಿನವೂ ಒಂದೇ ಹೊತ್ತು, ಅದೂ ಬೆಳಿಗ್ಗೆ, ಅದೇ ಡಬ್ಬಿಯಲ್ಲಿ. ಗಾಳಿ ಆಡುವ ತೂತಿರುವ ಪುಟ್ಟ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಕೋಣೆಯ ಬೆಳಕು ಕುಗ್ಗಿಸಿ ಹಕ್ಕಿಯನ್ನು ಬೇಗ ಹಿಡಿದು ಒಳಗೆ ಬಿಡಿ. ಪಂಜರದ ತುಂಬ ಅಟ್ಟಾಡಿಸಿ ಹಿಡಿದರೆ ತೂಕಕ್ಕಿಂತ ಗಾಬರಿಯೇ ದೊಡ್ಡ ತೊಂದರೆ. ಒಂದೇ ಹಕ್ಕಿ ಇದ್ದರೆ ತಕ್ಕಡಿಯ ಮೇಲೆ ಚಿಕ್ಕ ಕಡ್ಡಿ ಕೂರಿಸಿ, ಅದನ್ನು ಪಂಜರದೊಳಗಿಟ್ಟು, ಪಕ್ಕದಲ್ಲಿ ತೆನೆ ಕಟ್ಟಿದರೆ ಅದೇ ಬಂದು ಕೂರುತ್ತದೆ. ಹಿಡಿಯುವ ಗೋಜೇ ಇಲ್ಲ, ದಿನವೂ ತೂಗಬಹುದು. ಹಿಡಿದೇ ತೂಗುವುದಾದರೆ ದಿನ ಬಿಟ್ಟು ದಿನ ಸಾಕು, ಮಧ್ಯದ ದಿನ ಹಿಕ್ಕೆ ನೋಡಿ.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ. ಒಂದು ದಿನ ಕಾಲು ಗ್ರಾಂ ಹೆಚ್ಚು ಕಮ್ಮಿ ಆದರೆ ಲೆಕ್ಕಕ್ಕಿಲ್ಲ. ಸತತವಾಗಿ ಇಳಿಯುತ್ತಾ ನೂರಕ್ಕೆ ಐದಕ್ಕೆ ಬಂದರೆ, ಅಂದರೆ 14 ಗ್ರಾಂ ಹಕ್ಕಿ 13.3ಕ್ಕೆ ಇಳಿದರೆ, ಒಂದು ಹೆಜ್ಜೆ ಹಿಂದೆ ಹೋಗಿ ಹಿಂದಿನ ವಾರದ ಕಾಳಿನ ಅಳತೆಗೆ ಮರಳಿ. ನೂರಕ್ಕೆ ಹತ್ತು, ಅಂದರೆ 12.6 ಮುಟ್ಟಿದರೆ ಪ್ರಯೋಗ ಬಂದ್. ಪೂರ್ತಿ ಕಾಳು, ನವಣೆ ತೆನೆ. ಮರುದಿನವೂ ಇಳಿದರೆ, ಅಥವಾ ಕಾಳು ಕೊಟ್ಟರೂ ತಿನ್ನದಿದ್ದರೆ ವೈದ್ಯರ ಹತ್ತಿರ ಹೋಗಿ. ಎದೆಯ ನಡುವಿನ ಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಸಿಕ್ಕಿದರೆ ತಕ್ಕಡಿಗಾಗಿ ಕಾಯಬೇಕಿಲ್ಲ.

ತೂಕ ಇಳಿಯಲು ಸಾಮಾನ್ಯ ಕಾರಣ ಅವಸರ. ವಾರಕ್ಕೆ ಕಾಳಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಡಿತ ಬೇಡ, ಅದೂ ತೂಕ ನಿಂತಲ್ಲೇ ನಿಂತಿದ್ದರೆ ಮಾತ್ರ. ಇನ್ನೊಂದು ಕಾರಣ ಹಗಲಿನ ಉದ್ದ. ಬೆಳಕು ಕಡಿಮೆ ಸಿಗುವ ಕೋಣೆಯಲ್ಲಿ ತಿನ್ನಲು ಸಿಗುವ ಹೊತ್ತೇ ಕಡಿಮೆ. ಸುಮಾರು 12 ಗಂಟೆ ಬೆಳಕು ಸಿಗುವ ಹಾಗೆ ನೋಡಿಕೊಳ್ಳಿ. ಚಳಿ ಇದ್ದರೆ ಮೈ ಬೆಚ್ಚಗಿಡಲೇ ಹೆಚ್ಚು ಆಹಾರ ಖರ್ಚಾಗುತ್ತದೆ. ಅಂಥ ವಾರಗಳಲ್ಲಿ ಇದ್ದ ಅಳತೆಯಲ್ಲೇ ನಿಲ್ಲಿಸಿ.

"ಒಂದು ತಿನ್ನುತ್ತದೆ, ಇನ್ನೊಂದು ಮುಟ್ಟುವುದಿಲ್ಲ"

ಇದು ದೋಷಕ್ಕಿಂತ ಅವಕಾಶ ಅನ್ನಿ. ಫಿಂಚ್ ಗುಂಪಿನ ಹಕ್ಕಿ. ಪಕ್ಕದ್ದು ತಿನ್ನುವುದನ್ನು ನೋಡಿಯೇ ಕಲಿಯುತ್ತದೆ. ಪೆಲೆಟ್ ತಿನ್ನುವ ಹಕ್ಕಿ ಎಲ್ಲರಿಗೂ ಕಾಣುವ ಹಾಗೆ ಅಗಲವಾದ ತಟ್ಟೆ ಇಡಿ. ಬೆಂಗಾಲೀಸ್ ಸಾಮಾನ್ಯವಾಗಿ ಹೊಸ ಊಟಕ್ಕೆ ಬೇಗ ಒಗ್ಗುತ್ತದೆ, ಅದು ಗುಂಪಿನಲ್ಲಿದ್ದರೆ ಮೇಷ್ಟ್ರ ಕೆಲಸ ಮಾಡುತ್ತದೆ. ಗೂಲ್ಡಿಯನ್ ಹೆಚ್ಚು ತಾಳ್ಮೆ ಕೇಳುತ್ತದೆ.

ಆದರೆ ತಿನ್ನದ ಹಕ್ಕಿಯನ್ನು ಬೇರೆ ಯಾವುದೋ ಓಡಿಸುತ್ತಿರಬಹುದು. ಅರ್ಧ ಗಂಟೆ ದೂರ ಕೂತು ನೋಡಿ. ಬಟ್ಟಲ ಹತ್ತಿರ ಬಂದ ಕೂಡಲೇ ಇನ್ನೊಂದು ಕುಕ್ಕಲು ಬಂದರೆ ಬಟ್ಟಲುಗಳ ಸಂಖ್ಯೆ ಹೆಚ್ಚಿಸಿ ದೂರ ದೂರ ಇಡಿ. ಗುಂಪಿನಲ್ಲಿ ಕಾಳು ಕಡಿಮೆ ಮಾಡುವಾಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಅತಿ ದುರ್ಬಲ ಹಕ್ಕಿಯ ತೂಕವನ್ನು, ಸರಾಸರಿಯನ್ನಲ್ಲ. ಒಂದಕ್ಕೆ ಸಾಲದಿದ್ದರೆ ಎಲ್ಲಕ್ಕೂ ಕಾಳು ಇರಲಿ. ಸಣ್ಣ ಮರಿಗಳು ಇದ್ದರೆ ಅವು ತಾವಾಗೇ ಕಾಳು ಬಿಡಿಸಿ ತಿನ್ನುವುದನ್ನು ಚೆನ್ನಾಗಿ ಕಲಿಯುವವರೆಗೆ ಏನನ್ನೂ ಕಡಿತ ಮಾಡಬೇಡಿ. ಪೆಲೆಟ್ ತಟ್ಟೆ ಮಾತ್ರ ಕಣ್ಣೆದುರು ಇರಲಿ, ಆ ವಯಸ್ಸಿನಲ್ಲಿ ಕುತೂಹಲ ಜಾಸ್ತಿ.

"ನೀರಿನ ಬಟ್ಟಲು ರಾಡಿಯಾಗುತ್ತಿದೆ"

ಕೊಕ್ಕಿಗೆ ಅಂಟಿದ ಪುಡಿ ನೀರಿಗೆ ಬೀಳುತ್ತದೆ, ಕೆಲವು ಪೆಲೆಟ್ ಅನ್ನೇ ನೀರಲ್ಲಿ ಅದ್ದುತ್ತವೆ. ಹಾಗೇ ಬಿಟ್ಟರೆ ನೀರು ಲೋಳೆಯಾಗಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದಿನಕ್ಕೆ ಎರಡು ಸಲ ಉಜ್ಜಿ ತೊಳೆದು ಬದಲಿಸಿ, ನೀರನ್ನು ಪೆಲೆಟ್‌ನಿಂದ ದೂರ ಇಡಿ. ನೀರು ಖಾಲಿಯಾಗುವುದಂತೂ ಆಗಲೇಬಾರದು, ನೀರಿಲ್ಲದೆ ಪೆಲೆಟ್ ಇಳಿಯುವುದಿಲ್ಲ.

ಪೆಲೆಟ್ ತಿನ್ನುತ್ತಿರುವಾಗ ನೀರಿಗೆ ವಿಟಮಿನ್ ಹನಿ ಹಾಕುವ ಅಭ್ಯಾಸ ಬಿಡಿ. ಪೆಲೆಟ್‌ನಲ್ಲಿ ವಿಟಮಿನ್ ಆಗಲೇ ಇದೆ. ಎ ಮತ್ತು ಡಿ3 ಮೈಯಲ್ಲಿ ಶೇಖರವಾಗುವ ಜಾತಿಯವು, ಅತಿಯಾದರೆ ವಿಷ. ಕಟಲ್‌ಬೋನ್ (ಕಟಲ್‌ಫಿಶ್ ಅನ್ನುವ ಕಡಲ ಜೀವಿಯ ಒಳಚಿಪ್ಪು) ಮಾತ್ರ ಪಂಜರದಲ್ಲಿ ಇರಲಿ, ಕ್ಯಾಲ್ಸಿಯಂ ಬೇಕಾದಾಗ ಅದೇ ಹೋಗಿ ಕೊರೆದುಕೊಳ್ಳುತ್ತದೆ.

"ಚೆನ್ನಾಗಿ ತಿನ್ನುತ್ತಿತ್ತು, ಇದ್ದಕ್ಕಿದ್ದಂತೆ ಬಿಟ್ಟಿತು"

ಪೆಲೆಟ್ ಚೀಲದಿಂದ ಶುರು ಮಾಡಿ. ಹೊಸ ಚೀಲ ಒಡೆದಿರಾ? ತರಿಯ ಗಾತ್ರ, ಬಣ್ಣ, ವಾಸನೆ ಹಿಂದಿನದರ ಹಾಗೇ ಇದೆಯೇ? ಹಳೆಯ ಚೀಲವೇ ಆದರೆ ಕೈಯಲ್ಲಿ ಉಜ್ಜಿ ಮೂಸಿ. ಮುಗ್ಗಲು ಅಥವಾ ಕಮಟು ವಾಸನೆ ಬಂದರೆ ಎಸೆಯಿರಿ. ಬೂಷ್ಟು ಹಿಡಿದ ಆಹಾರದಲ್ಲಿರುವ ವಿಷ ಇಷ್ಟು ಚಿಕ್ಕ ಹಕ್ಕಿಗೆ ಮಾರಕ. ಒಣಗಿಸಿ ಮತ್ತೆ ಕೊಡುವ ಉಳಿತಾಯ ಬೇಡ. ಚಿಕ್ಕ ಚೀಲ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿಡಿ.

ಪೆಲೆಟ್ ಸರಿ ಇದ್ದರೆ ಹಕ್ಕಿಯನ್ನು ನೋಡಿ. ಗರಿ ಉದುರಿಸಲು ಶುರು ಮಾಡಿದೆಯೇ? ಪಂಜರದ ಜಾಗ ಬದಲಾಯಿತೇ? ಹೆಣ್ಣು ಮೊಟ್ಟೆಗೆ ಬಂದಿದೆಯೇ? ಕೊಕ್ಕು ಉದ್ದ ಬೆಳೆದು ವಕ್ರವಾಗಿದೆಯೇ? ಉಸಿರಾಡುವಾಗ ಟಿಕ್ ಟಿಕ್ ಸದ್ದು ಬರುತ್ತಿದೆಯೇ? ಈ ಸದ್ದು ಗೂಲ್ಡಿಯನ್‌ಗಳಲ್ಲಿ ಶ್ವಾಸನಾಳದ ನುಸಿಯ (ಮೈಟ್) ಗುರುತಾಗಿರಬಹುದು, ಅದಕ್ಕೆ ಔಷಧಿ ಇದೆ. ಕೊನೆಯ ಎರಡಕ್ಕೂ ವೈದ್ಯರೇ ಬೇಕು. ಮಿಕ್ಕವಕ್ಕೆ ಕಾಳು ಹೆಚ್ಚಿಸಿ ಕೆಲವು ವಾರ ಕಾದರೆ ಸಾಕು.

ಪೆಲೆಟ್ ಮಾತ್ರ ಬಿಟ್ಟು ಕಾಳು ತಿನ್ನುತ್ತಿದ್ದರೆ ಸಮಯವಿದೆ. ಎರಡನ್ನೂ ಬಿಟ್ಟರೆ ಅದು ಊಟದ ವಿಷಯವೇ ಅಲ್ಲ.

"ಉಬ್ಬಿಕೊಂಡು ತಳದಲ್ಲಿ ಕೂತಿದೆ"

ಫಿಂಚ್ ಕಾಯಿಲೆಯನ್ನು ಆದಷ್ಟು ಹೊತ್ತು ಮುಚ್ಚಿಡುತ್ತದೆ. ಹೊರಗೆ ಕಾಣುವ ಹೊತ್ತಿಗೆ ಸ್ಥಿತಿ ಕೆಟ್ಟಿರುತ್ತದೆ. ನಾಳೆ ನೋಡೋಣ ಅನ್ನಬೇಡಿ.

ಮೊದಲು ಶಾಖ. ಹಕ್ಕಿಯನ್ನು ಚಿಕ್ಕ ಪಂಜರಕ್ಕೋ ಡಬ್ಬಿಗೋ ಹಾಕಿ ಒಂದು ಬದಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರುವಂತೆ ಬೆಚ್ಚಗೆ ಮಾಡಿ. ಇನ್ನೊಂದು ಬದಿ ತಂಪಾಗಿರಲಿ, ಸೆಕೆ ಅನಿಸಿದರೆ ಸರಿದುಕೊಳ್ಳಲು ಜಾಗ ಬೇಕು. ಬಲ್ಬ್ ಪಂಜರದ ಹೊರಗಿರಲಿ, ಬಟ್ಟೆಗೆ ತಾಗದಿರಲಿ. ನಾನ್‌ಸ್ಟಿಕ್ ಲೇಪನ ಇರುವ ಬಲ್ಬ್ ಬೇಡವೇ ಬೇಡ, ಬಿಸಿಯಾದಾಗ ಅದರಿಂದ ಬರುವ ಹೊಗೆ ಹಕ್ಕಿಯನ್ನು ಕೊಲ್ಲುತ್ತದೆ. ಕಾಳು, ತೆನೆ, ನೀರು ಮೂರನ್ನೂ ಕೂತಲ್ಲಿಗೇ ಎಟುಕುವ ಹಾಗೆ ತಳದಲ್ಲಿಡಿ. ಬಾಯಿ ಬಿಡಿಸಿ ನೀರು ಅಥವಾ ಗಂಜಿ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ಅಲ್ಲಿಗೆ ಮುಗಿಯಿತು.

ಹೆಣ್ಣಾಗಿದ್ದು, ತಿಣುಕುತ್ತಾ ಕೂತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಕ್ಯಾಲ್ಸಿಯಂ ಸಾಲದೆ ಬರೀ ಕಾಳು ತಿಂದ ಹೆಣ್ಣುಗಳಲ್ಲಿ ಇದು ಆಗುತ್ತದೆ. ಮೊಟ್ಟೆಯನ್ನು ಕೈಯಿಂದ ಒತ್ತಿ ತೆಗೆಯಲು ಹೋಗಬೇಡಿ, ಒಳಗೇ ಒಡೆಯುತ್ತದೆ. ಶಾಖ ಕೊಡುತ್ತಲೇ ವೈದ್ಯರ ಹತ್ತಿರ ಕರೆದೊಯ್ಯಿರಿ.

ಹೋಗುವಾಗ ಹಿಕ್ಕೆ ಬಿದ್ದ ಇವತ್ತಿನ ಕಾಗದ, ತೂಕದ ಪುಸ್ತಕ, ಪೆಲೆಟ್ ಚೀಲ ಜೊತೆಗಿರಲಿ. ಹಕ್ಕಿಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರು ಯಾರು ಅಂತ ಪ್ರಯೋಗ ಶುರು ಮಾಡುವ ಮೊದಲೇ ವಿಚಾರಿಸಿ ನಂಬರ್ ಬರೆದಿಟ್ಟಿರಿ. ಗುಣವಾದ ಮೇಲೆ ಮತ್ತೆ ಪೆಲೆಟ್ ಶುರು ಮಾಡುವುದಾದರೆ, ತೂಕ ಹಳೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತ ಮೇಲೆ, ವೈದ್ಯರನ್ನು ಕೇಳಿ, ಪೂರ್ತಿ ಕಾಳಿನ ಪಕ್ಕದಲ್ಲಿ ಒಂದು ಚಿಟಿಕೆ ತರಿಯಿಂದ.